ಹುಣಸೆ ಬೀಜದ ಚಕ್ರ, ಮಡಚಿದ ಚೀಟಿಯ ಗುಟ್ಟು

ಪ್ರಶ್ನೆ: ನಾವು ಗಂಗಾವತಿಯ ಐದು ಜನ ಗೆಳೆಯರು. ಎರಡು ವರ್ಷದಿಂದ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುತ್ತಾರೆ, ಅಂಥ ಆಟ. ಎಲ್ಲರೂ ನರುಟೊ ಅನ್ನುವ ಜಪಾನಿ ಕಾರ್ಟೂನ್ (ಅನಿಮೆ) ನೋಡಿ ಬೆಳೆದವರು. ಅಂಥದ್ದೇ ನಿಂಜಾ ಲೋಕದಲ್ಲಿ ಆಡೋಣ ಅಂತ ನಾನು 40 ಜುಟ್ಸುಗಳಿಗೆ, ಅಂದರೆ ನಿಂಜಾಗಳ ಮಾಯಾ ವಿದ್ಯೆಗಳಿಗೆ, ನಿಯಮ ಬರೆದೆ. ಮೂರನೇ ವಾರಕ್ಕೆ ಆಟ ನಿಂತುಹೋಯಿತು. ಒಂದೊಂದು ಹೊಡೆದಾಟಕ್ಕೆ ಎರಡು ತಾಸು ಹಿಡಿಯುತ್ತಿತ್ತು. ಎಲ್ಲರೂ ಬೆಂಕಿ ಉಂಡೆ ಎಸೆಯುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಬೇರೆ ಸಿಸ್ಟಮ್‌ಗೆ ಹೋಗಬೇಕಾ? ಹೊಸ ಪುಸ್ತಕ ಕೊಳ್ಳುವಷ್ಟು ದುಡ್ಡಿಲ್ಲ. ತದ್ರೂಪಿಗಳ ಜುಟ್ಸುವನ್ನು ಹೇಗೆ ಸಂಭಾಳಿಸುವುದು? ಜೊತೆಗೆ ನನ್ನ 9 ವರ್ಷದ ತಮ್ಮ ನಾನೂ ಆಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವನಿಗೆ ಏನು ಕೊಡಲಿ?

ಉತ್ತರ: ನೀವು ಕಳಿಸಿದ ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಕೂತು ಓದಿದೆ. ಒಂದೊಂದು ಜುಟ್ಸುವಿಗೂ ದೂರ ಎಷ್ಟು, ಹೊಡೆತ ಎಷ್ಟು, ಖರ್ಚು ಎಷ್ಟು ಅಂತ ಅಚ್ಚುಕಟ್ಟಾಗಿ ಬರೆದಿದ್ದೀರಿ. ಇಷ್ಟು ಪ್ರೀತಿಯಿಂದ ಬರೆದವರ ಆಟ ನಿಂತಿತು ಅಂದರೆ ನಿಜಕ್ಕೂ ಬೇಜಾರಾಗುತ್ತದೆ. ನಾನು ಬಳ್ಳಾರಿಯಲ್ಲಿ ಹತ್ತು ವರ್ಷದಿಂದ ಇಂಥ ಆಟ ನಡೆಸುತ್ತಿದ್ದೇನೆ. ನನ್ನ ಮೊದಲ ನಿಂಜಾ ಆಟವೂ ಐದನೇ ವಾರಕ್ಕೆ ನಿಂತಿತ್ತು. ಆಗ ನಾನೂ ಪಟ್ಟಿ ಉದ್ದ ಮಾಡುತ್ತಲೇ ಹೋಗಿದ್ದೆ. ಹೊಡೆದಾಟ ಗೆಲ್ಲುವುದು ಯಾವುದರಿಂದ ಅನ್ನುವುದನ್ನು ಮಾತ್ರ ಮುಟ್ಟಿರಲಿಲ್ಲ. ನಿಮ್ಮದೂ ಅದೇ ಕಥೆ.

ನೀವು ಇಷ್ಟಪಟ್ಟು ನೋಡಿದ ಯಾವುದಾದರೂ ಒಂದು ಒಳ್ಳೆ ಹೊಡೆದಾಟ ನೆನಪು ಮಾಡಿಕೊಳ್ಳಿ. ಎದುರಾಳಿಗೆ ಏನು ಬರುತ್ತದೆ ಅಂತ ಮೊದಲಿಗೆ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬ ಏಟು ತಿನ್ನುತ್ತಾನೆ. ಇನ್ನೊಬ್ಬ ದೂರದಿಂದ ನೋಡುತ್ತಾನೆ. ಮೂರನೆಯವನಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಗುಟ್ಟು ಗೊತ್ತಾದ ಮೇಲೆ ಹೊಡೆದಾಟ ಹೆಚ್ಚು ಹೊತ್ತು ಇರುವುದಿಲ್ಲ, ಒಂದೆರಡು ಏಟಿಗೆ ಮುಗಿಯುತ್ತದೆ. ಈಗ ನಿಮ್ಮ ಟೇಬಲ್ ನೋಡಿ. ಎದುರಾಳಿಗೆ 45 ಹಿಟ್ ಪಾಯಿಂಟ್, ಅಂದರೆ ಅಷ್ಟು ಏಟು ತಡೆಯುವ ಜೀವ. ದಾಳ ಉರುಳಿಸಿ, ಕಳೆಯಿರಿ. ಮತ್ತೆ ಉರುಳಿಸಿ, ಮತ್ತೆ ಕಳೆಯಿರಿ. ಅವನ ಗುಟ್ಟು ತಿಳಿದುಕೊಂಡವನಿಗೂ ತಿಳಿಯದವನಿಗೂ ವ್ಯತ್ಯಾಸವೇ ಇಲ್ಲ. ಹಾಗಿದ್ದ ಮೇಲೆ ಜಾಸ್ತಿ ಸಂಖ್ಯೆ ಬರುವ ಬೆಂಕಿ ಉಂಡೆಯನ್ನೇ ಎಲ್ಲರೂ ಎಸೆಯುತ್ತಾರೆ, ಅಲ್ವಾ? ಅದು ನಿಮ್ಮ ಗೆಳೆಯರ ತಪ್ಪಲ್ಲ. ನಿಯಮ ಯಾವುದಕ್ಕೆ ಫಲ ಕೊಡುತ್ತದೋ ಆಟಗಾರರು ಅದನ್ನೇ ಮಾಡುತ್ತಾರೆ.

ಇತಿಹಾಸದ ಶಿನೋಬಿಗಳ, ಅಂದರೆ ಜಪಾನಿನ ನಿಜವಾದ ನಿಂಜಾಗಳ, ಕೆಲಸವೂ ಹೆಚ್ಚಾಗಿ ಸುದ್ದಿ ತರುವುದೇ ಆಗಿತ್ತು. ಇಗಾ, ಕೋಗಾ ಸೀಮೆಯ ವಿದ್ಯೆಗಳನ್ನೆಲ್ಲ ಸೇರಿಸಿ 1676ರಲ್ಲಿ ಬರೆದ ಬನ್ಸೆನ್‌ಶೂಕಾಯ್ ಅನ್ನುವ ದೊಡ್ಡ ಗ್ರಂಥ ಇದೆ. ಕೋಟೆಯ ಒಳಗೆ ನುಸುಳುವುದು, ವೇಷ ಹಾಕುವುದು, ಶತ್ರುವಿನ ಮನೆಯವನಂತೆಯೇ ಬದುಕುವುದು, ಇಂಥದ್ದಕ್ಕೆ ಅದರಲ್ಲಿ ಬಹಳ ಜಾಗ ಕೊಟ್ಟಿದ್ದಾರೆ. ತಿಳಿದುಕೊಂಡವನೇ ಗೆಲ್ಲುತ್ತಾನೆ ಅನ್ನುವುದು ಅನಿಮೆಯಲ್ಲೂ ಹೌದು, ಇತಿಹಾಸದಲ್ಲೂ ಹೌದು. ನಿಮ್ಮ ನಿಯಮದಲ್ಲೂ ಅದು ಬರಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಸಿಸ್ಟಮ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗ ಬೇಡ. ನಿಮ್ಮ ಐವರಿಗೂ ಐದನೇ ಆವೃತ್ತಿ ಕೈಗೆ ಹತ್ತಿದೆ. ಲೋಕವನ್ನೂ ನಿಯಮವನ್ನೂ ಒಟ್ಟಿಗೆ ಬದಲಿಸಿದರೆ ಎರಡೂ ಗೊಂದಲ. ಮುಂದೊಂದು ದಿನ ಹೊಸ ಕಥೆ ಶುರು ಮಾಡುವಾಗ ಫೇಟ್ ಅನ್ನುವ ಸಿಸ್ಟಮ್ ನೋಡಿ. ಅದರ ನಿಯಮ ಪುಕ್ಕಟೆ ಸಿಗುತ್ತದೆ. ಚಿಕ್ಕ ಆವೃತ್ತಿಯಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣ: ಜೋಪಾನ, ಜಾಣತನ, ಅಬ್ಬರ, ಬಲ, ಚುರುಕು, ಕಳ್ಳಹೆಜ್ಜೆ. ನಿಂಜಾ ಕಥೆಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಅದರ ದಾಳದ ಮೇಲೆ ಬರೀ ಕೂಡು, ಕಳೆ, ಖಾಲಿ ಅನ್ನುವ ಗುರುತು ಇರುತ್ತದೆ. ಅದನ್ನು ಕೊಳ್ಳಬೇಕಾಗಿಲ್ಲ. ಸಾಮಾನ್ಯ ದಾಳ ನಾಲ್ಕು ತಗೊಳ್ಳಿ. 1, 2 ಬಿದ್ದರೆ ಕಳೆ. 3, 4 ಖಾಲಿ. 5, 6 ಕೂಡು. ಅಷ್ಟೇ.

ದುಡ್ಡಿನ ಚಿಂತೆ ಈಗಲೂ ಬೇಡ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು, ಮೂಲ ಯಾವುದು ಅಂತ ಹೇಳಿ ಹಂಚಲೂಬಹುದು. ಕನ್ನಡಕ್ಕೆ ತಂದು ಹಂಚಿದರೆ ನನಗಂತೂ ಬಹಳ ಸಂತೋಷ. ಆದರೆ ಅನಿಮೆಯ ಪಾತ್ರಗಳ ಹೆಸರು, ಊರುಗಳ ಹೆಸರು ನಿಮ್ಮ ಮನೆಯ ಟೇಬಲ್ಲಿಗೆ ಮಾತ್ರ ಇರಲಿ. ಹೊರಗೆ ಹಂಚುವ ಹಾಳೆಯಲ್ಲಿ ನಿಮ್ಮದೇ ಹೆಸರುಗಳು ಇರಬೇಕು.

ಈಗ ಚಕ್ರದ ವಿಷಯ, ಅಂದರೆ ಜುಟ್ಸು ಮಾಡಲು ಖರ್ಚಾಗುವ ಮೈಯೊಳಗಿನ ಶಕ್ತಿ. ನೀವು ಒಂದೊಂದು ಜುಟ್ಸುವಿಗೂ ದಿನಕ್ಕೆ ಇಷ್ಟು ಸಲ ಅಂತ ಬರೆದಿದ್ದೀರಿ. ನಾಲ್ಕು ಜನ ಆಟಗಾರರು, ತಲೆಗೆ ಎಂಟು ಜುಟ್ಸು ಅಂದರೂ ಲೆಕ್ಕ ಇಡುವುದರಲ್ಲೇ ಸಂಜೆ ಕಳೆಯುತ್ತದೆ. ಚಕ್ರ ಒಂದೇ ಕೊಡ ಇರಲಿ, ಎಲ್ಲ ಜುಟ್ಸುವೂ ಅದರಿಂದಲೇ ಮೊಗೆಯಲಿ. 2014ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ, ಅಂದರೆ ಆಟ ನಡೆಸುವವರ ಪುಸ್ತಕದಲ್ಲಿ, ಇದಕ್ಕೆ ಬೇಕಾದ ಬದಲಿ ನಿಯಮ ತಯಾರಾಗಿಯೇ ಇದೆ, ಹೆಸರು ಸ್ಪೆಲ್ ಪಾಯಿಂಟ್. ಸ್ಪೆಲ್ ಅಂದರೆ ಮಾಯಾ ವಿದ್ಯೆ, ಲೆವೆಲ್ ಅಂದರೆ ಪಾತ್ರ ಎಷ್ಟು ಬೆಳೆದಿದೆ ಅನ್ನುವ ಮೆಟ್ಟಿಲು. ಲೆವೆಲ್ 1ಕ್ಕೆ 4 ಪಾಯಿಂಟ್, 2ಕ್ಕೆ 6, 3ಕ್ಕೆ 14, 4ಕ್ಕೆ 17, 5ಕ್ಕೆ 27. ಮೊದಲ ಮಟ್ಟದ ಸ್ಪೆಲ್ಲಿಗೆ 2 ಖರ್ಚು, ಎರಡನೆಯದಕ್ಕೆ 3, ಮೂರನೆಯದಕ್ಕೆ 5. ಈ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳಿ. ಬರೀ ಕೈಕಾಲಲ್ಲಿ ಹೊಡೆದಾಡುವ ನಿಂಜಾ ಇದ್ದರೆ ಅವನಿಗೆ ಅರ್ಧ ಕೊಡಿ. ಬದಲಿಗೆ 1 ಪಾಯಿಂಟ್ ಕೊಟ್ಟು ಇನ್ನೆರಡು ಗುದ್ದು ಹೊಡೆಯಬಹುದು ಅನ್ನಿ, ಪುಸ್ತಕದ ಮಾಂಕ್ ಅನ್ನುವ ಬರಿಗೈ ಕಾಳಗದ ಪಾತ್ರ ಮಾಡುವ ಹಾಗೆ.

ಇದನ್ನು ಹಾಳೆಯ ಮೇಲೆ ಬರೆಯಬೇಡಿ. ಹುಣಸೆ ಬೀಜ ತನ್ನಿ. ನಮ್ಮ ಟೇಬಲ್ಲಿನಲ್ಲಿ ಪ್ರತಿಯೊಬ್ಬರ ಮುಂದೆ ಬೀಜದ ಗುಡ್ಡೆ ಇರುತ್ತದೆ. ಜುಟ್ಸು ಮಾಡಿದರೆ ಎಣಿಸಿ ನಡುವಿನ ತಟ್ಟೆಗೆ ಹಾಕಬೇಕು. ಬೀಜ ತಟ್ಟೆಗೆ ಬೀಳುವ ಸದ್ದು ಇದೆಯಲ್ಲ, ಅದು ಮಾಡುವ ಕೆಲಸ ಪೆನ್ಸಿಲ್ ಗೀಟು ಮಾಡುವುದಿಲ್ಲ. ಗೆಳೆಯನ ಮುಂದೆ ಮೂರೇ ಬೀಜ ಉಳಿದಿದೆ ಅಂತ ಎಲ್ಲರಿಗೂ ಕಾಣುತ್ತದೆ. ಯಾರೂ ಹೇಳದೆಯೇ ಒಬ್ಬರು ಅವನ ಮುಂದೆ ಬಂದು ನಿಲ್ಲುತ್ತಾರೆ.

ಬೀಜ ಪೂರ್ತಿ ಮುಗಿದರೂ ಒಂದು ಜುಟ್ಸು ಮಾಡಲು ಬಿಡಿ, ಬೆಲೆ ಮಾತ್ರ ಜೋರಾಗಿರಲಿ. ಪುಸ್ತಕದಲ್ಲಿ ಎಕ್ಸಾಷನ್ ಅಂತ ಆರು ಮೆಟ್ಟಿಲ ಸುಸ್ತು ಇದೆ. ಆರನೆಯದಕ್ಕೆ ಸಾವು. ಖಾಲಿ ಕೈಯಲ್ಲಿ ಜುಟ್ಸು ಮಾಡಿದವರು ಒಂದು ಮೆಟ್ಟಿಲು ಇಳಿಯುತ್ತಾರೆ. ಕಥೆಯಲ್ಲಿ ಚಕ್ರ ಬತ್ತಿಸಿಕೊಂಡವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರಲ್ಲ, ಇದು ಅದೇ. ವಿಶ್ರಾಂತಿಯನ್ನೂ ಸ್ವಲ್ಪ ಬಿಗಿ ಮಾಡಿ. ರಾತ್ರಿ ಮಲಗಿ ಎದ್ದರೆ ಅರ್ಧ ಬೀಜ ವಾಪಸ್. ಪೂರ್ತಿ ತುಂಬುವುದು ಊರಿಗೆ ಮರಳಿದಾಗ ಮಾತ್ರ.

ಮುದ್ರೆಗಳ ಬಗ್ಗೆ, ಅಂದರೆ ಜುಟ್ಸುವಿಗೆ ಮೊದಲು ಬೆರಳು ಜೋಡಿಸುವ ಬಗೆಗಳ ಬಗ್ಗೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ. ಬೆಂಕಿ ಉಂಡೆಯ ಕಾಟಕ್ಕೆ ಅರ್ಧ ಕಾರಣ ಅದೇ. ಮುದ್ರೆ ನಮ್ಮದೇ ಪದ. ಭಾರತದ ಬೌದ್ಧ ತಂತ್ರ ವಿದ್ಯೆ ಚೀನಾಕ್ಕೆ ಹೋಯಿತು. ಕೂಕಾಯ್ ಎಂಬ ಭಿಕ್ಷು ಅದನ್ನು ಅಲ್ಲಿ ಕಲಿತು 806ರಲ್ಲಿ ಜಪಾನಿಗೆ ಮರಳಿದ. ಮಂತ್ರ ಹೇಳುತ್ತಾ ಬೆರಳು ಜೋಡಿಸುವ ಪದ್ಧತಿ ಅಲ್ಲಿ ಬೇರೂರಿತು. ನಿಂಜಾ ಕಥೆಗಳ ಕೈಮುದ್ರೆಯ ಹಿಂದೆ ಇರುವುದು ಅದೇ ಪರಂಪರೆ. ಅನಿಮೆಯಲ್ಲಿ ಹನ್ನೆರಡು ಮುದ್ರೆ, ಹನ್ನೆರಡು ಪ್ರಾಣಿ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಟಗರು, ಕೋತಿ, ಹಕ್ಕಿ, ನಾಯಿ, ಹಂದಿ.

ನಿಯಮ ಹೀಗಿರಲಿ. 2 ಅಥವಾ 3 ಬೀಜದ ಜುಟ್ಸು ಆ ಕ್ಷಣಕ್ಕೇ ಆಗುತ್ತದೆ. 5 ಬೀಜ ಮತ್ತು ಅದಕ್ಕಿಂತ ದೊಡ್ಡದಕ್ಕೆ ಈ ಸರದಿಯಲ್ಲಿ ಮುದ್ರೆ ಶುರು, ಮುಂದಿನ ಸರದಿಯಲ್ಲಿ ಬಿಡುಗಡೆ. ನಡುವೆ ಏಟು ಬಿದ್ದರೆ ಪುಸ್ತಕದ ಕಾನ್ಸೆಂಟ್ರೇಷನ್ (ಏಕಾಗ್ರತೆ) ನಿಯಮವೇ ಸಾಕು: ದಾಳ ಮುಟ್ಟಬೇಕಾದ ಗುರಿ 10, ಇಲ್ಲವೇ ಬಿದ್ದ ಏಟಿನ ಅರ್ಧ, ಯಾವುದು ಜಾಸ್ತಿಯೋ ಅದು. ತಪ್ಪಿದರೆ ಮುದ್ರೆ ಮುರಿಯಿತು, ಬೀಜ ಹೋಯಿತು. ಕೈ ಕಟ್ಟಿದ್ದರೆ, ಕೈಯಲ್ಲಿ ಗೆಳೆಯನನ್ನು ಹೊತ್ತಿದ್ದರೆ ಜುಟ್ಸು ಇಲ್ಲ. ಈಗ ಬೆಂಕಿ ಉಂಡೆ ಎಸೆಯಬೇಕಾದವನಿಗೆ ಒಂದು ಸುತ್ತು ಯಾರಾದರೂ ಕಾವಲು ನಿಲ್ಲಬೇಕು. ಒಂಟಿಯಾಗಿ ಮಾಡುತ್ತಿದ್ದ ಕೆಲಸ ಇಬ್ಬರ ಕೆಲಸ ಆಯಿತು. ಇನ್ನೊಂದು ಸೇರಿಸಿ. ಕೊನೆಯ ಮುದ್ರೆ ಯಾವುದು ಅಂತ ಆಟಗಾರ ಬೆರಳಲ್ಲಿ ತೋರಿಸಲೇಬೇಕು. ನಮ್ಮಲ್ಲಿ ಹುಲಿ ಅಂದರೆ ಬೆಂಕಿ, ಹಾವು ಅಂದರೆ ಮಣ್ಣು. ಎದುರಾಳಿಯೂ ತೋರಿಸಬೇಕು. ಎರಡು ವಾರ ಕಳೆದರೆ ನಿಮ್ಮ ಗೆಳೆಯರು ನಿಮ್ಮ ಮುಖ ನೋಡುವುದು ಬಿಟ್ಟು ಕೈ ನೋಡತೊಡಗುತ್ತಾರೆ.

ಪಂಚಭೂತಗಳ ಸರಪಳಿಯನ್ನು ನೀವು ಸರಿಯಾಗಿ ಬರೆದಿದ್ದೀರಿ. ಬೆಂಕಿಯ ಮುಂದೆ ಗಾಳಿ ಸೋಲುತ್ತದೆ, ಗಾಳಿಯ ಮುಂದೆ ಸಿಡಿಲು, ಸಿಡಿಲಿನ ಮುಂದೆ ಮಣ್ಣು, ಮಣ್ಣಿನ ಮುಂದೆ ನೀರು, ನೀರಿನ ಮುಂದೆ ಬೆಂಕಿ. ನಮ್ಮ ಪಟ್ಟಿಯ ಆಕಾಶದ ಜಾಗದಲ್ಲಿ ಸಿಡಿಲು ಬಂದಿದೆ, ಅಷ್ಟೇ ವ್ಯತ್ಯಾಸ. ಆದರೆ ಅದಕ್ಕೆ ಶೇಕಡಾವಾರು ಲೆಕ್ಕ ಇಟ್ಟಿದ್ದೀರಲ್ಲ, ತೆಗೆದುಹಾಕಿ. ಗೆಲ್ಲುವ ಭೂತ ಹಿಡಿದವರಿಗೆ ಅಡ್ವಾಂಟೇಜ್, ಅಂದರೆ 20 ಮುಖದ ದಾಳ ಎರಡು ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. 11 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕಾದ ಕಡೆ ಗೆಲ್ಲುವ ಸಾಧ್ಯತೆ ಶೇಕಡಾ 50ರಿಂದ 75ಕ್ಕೆ ಏರುತ್ತದೆ. ಅಷ್ಟು ಧಾರಾಳ ಸಾಕು.

40 ಜುಟ್ಸುಗಳನ್ನು ಏನು ಮಾಡುವುದು? ಹರಿದು ಹಾಕಬೇಡಿ. ಪುಸ್ತಕದಲ್ಲಿ ಇರುವ ಸ್ಪೆಲ್ಲಿಗೆ ಹೊಸ ಬಣ್ಣ ಬಳಿಯಿರಿ. ಶೀಲ್ಡ್ ಸ್ಪೆಲ್ ಮುಂದಿನ ಸರದಿ ಬರುವ ತನಕ ರಕ್ಷಣೆಯನ್ನು 5 ಏರಿಸುತ್ತದೆ. ಅದನ್ನೇ ಮರದ ದಿಮ್ಮಿ ಬಿಟ್ಟು ಜಾಗ ಬದಲಿಸುವ ಜುಟ್ಸು ಅನ್ನಿ. ಮಿಸ್ಟಿ ಸ್ಟೆಪ್ 30 ಅಡಿ ದೂರಕ್ಕೆ ಒಯ್ಯುತ್ತದೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ವಿದ್ಯೆ. ಡಿಸ್‌ಗೈಸ್ ಸೆಲ್ಫ್ ಅಂದರೆ ರೂಪ ಬದಲಿಸುವುದು. ಮಿರರ್ ಇಮೇಜ್ ಅಂದರೆ ಮೂರು ಸುಳ್ಳು ನೆರಳು. ಹೀಗೆ ನೋಡಿದರೆ ನಿಮ್ಮ 40ರಲ್ಲಿ 31ಕ್ಕೆ ಹೊಸ ನಿಯಮವೇ ಬೇಡ, ನಾನು ಎಣಿಸಿದೆ. ಪ್ರತಿ ಆಟಗಾರನಿಗೆ ಶುರುವಿಗೆ ಮೂರೇ ಜುಟ್ಸು ಕೊಡಿ. ಮೂರೇ ಇದ್ದಾಗ ಅದನ್ನೇ ಹೊಸ ಹೊಸ ರೀತಿ ಬಳಸುವ ಉಪಾಯ ಹುಟ್ಟುತ್ತದೆ.

ಗೋಡೆ ಹತ್ತುವುದು, ನೀರಿನ ಮೇಲೆ ನಡೆಯುವುದಕ್ಕೆ ಬೀಜ ಕೇಳಬೇಡಿ. ಪುಸ್ತಕದಲ್ಲಿ ನೀರಿನ ಮೇಲೆ ನಡೆಯುವ ಸ್ಪೆಲ್ ಮೂರನೇ ಮಟ್ಟದ್ದು. ಆದರೆ ನಿಂಜಾ ಲೋಕದಲ್ಲಿ ಅದು ಕಲಿಯುವ ಮಕ್ಕಳ ಪಾಠ. ಎಲ್ಲರಿಗೂ ಬರಲಿ. ನೀರಿನ ಮೇಲೆ ನಿಂತಾಗ ಏಟು ಬಿದ್ದರೆ ಮಾತ್ರ ದಾಳ ಉರುಳಿಸಲಿ, ತಪ್ಪಿದರೆ ಮುಳುಗಲಿ.

ಇನ್ನು ಗುಟ್ಟಿನ ಚೀಟಿ. ಇದೊಂದನ್ನು ಮಾಡಿ ಬೇರೆ ಎಲ್ಲ ಬಿಟ್ಟರೂ ನಿಮ್ಮ ಆಟ ಬದಲಾಗುತ್ತದೆ.

ದೊಡ್ಡ ಎದುರಾಳಿ ಬರುವಾಗಲೆಲ್ಲ ಅವನ ಗುಟ್ಟನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ಟೇಬಲ್ಲಿನ ನಡುವೆ ಇಡಿ. ಒಂದೇ ಸಾಲು. ಅದರ ಜೊತೆ ಮೂರು ಸುಳಿವು ನಿಮ್ಮ ಹತ್ತಿರ ಇರಲಿ. ಗುಟ್ಟು ಒಡೆಯುವ ತನಕ ಅವನಿಗೆ ಬೀಳುವ ಏಟೆಲ್ಲ ಅರ್ಧ. ಗುಟ್ಟು ಒಡೆದ ಕ್ಷಣದಿಂದ ಏಟು ಪೂರ್ತಿ, ಮೊದಲ ಏಟಿಗೆ ಅಡ್ವಾಂಟೇಜ್ ಕೂಡ. ಹಾಗಂತ ಹೊಡೆದಾಟ ಉದ್ದವಾಗಬಾರದು. ಪುಸ್ತಕದಲ್ಲಿ 40 ಹಿಟ್ ಪಾಯಿಂಟ್ ಇದ್ದರೆ ನೀವು 24 ಅಂತ ಬರೆದುಕೊಳ್ಳಿ. ಗುಟ್ಟು ಒಡೆಯದಿದ್ದರೆ 48ರಷ್ಟು ಹೊಡೆಯಬೇಕು, ಒಡೆದರೆ 24 ಸಾಕು. ಒಂದು ಸರದಿ ಕೊಟ್ಟು ಗಮನಿಸಬಹುದು. ದಾಳ 12 ದಾಟಿದರೆ ಒಂದು ಸುಳಿವು. ಬುದ್ಧಿವಂತಿಕೆಯ ಪ್ರಶ್ನೆ ಕೇಳಿದರೆ ದಾಳವೂ ಬೇಡ, ಸುಳಿವು ಕೊಟ್ಟುಬಿಡಿ. ಊಹೆ ಹೇಳುವುದು ಯಾವಾಗಲೂ ಪುಕ್ಕಟೆ. ತಪ್ಪು ಊಹೆಗೆ ನಾನು ಮೊದಲು ದಂಡ ಇಟ್ಟಿದ್ದೆ. ಎಲ್ಲರೂ ಬಾಯಿ ಮುಚ್ಚಿ ಕೂತರು. ದಂಡ ತೆಗೆದ ದಿನ ಮಾತು ಶುರುವಾಯಿತು.

ನಮ್ಮಲ್ಲಿ ನಡೆದ ಒಂದು ಹೊಡೆದಾಟ ಹೇಳುತ್ತೇನೆ. ಜಾಗ ನಿಮ್ಮ ಕಡೆಯದೇ, ಆನೆಗೊಂದಿಯ ಹೊಳೆ ದಂಡೆ. ಸಂಜೆ ಹೊತ್ತು. ಸೂರ್ಯ ಪಡುವಣಕ್ಕೆ ಇಳಿದಿದ್ದಾನೆ. ತುಂಗಭದ್ರೆಯ ನಡುವಿನ ಬಂಡೆ ಮೇಲೆ ಒಬ್ಬ ಕೂತು ನೀರಿನ ಸೂಜಿ ಎಸೆಯುತ್ತಿದ್ದಾನೆ. ದಂಡೆಯ ಮೇಲೆ ಮೂರು ಹರಿಗೋಲು ಬೋರಲು ಹಾಕಿವೆ. ಲೆವೆಲ್ 3ರ ನಾಲ್ವರು ನಿಂಜಾಗಳು, ತಲೆಗೆ 14 ಬೀಜ. ಮೊದಲ ಎರಡು ಸುತ್ತು ಕುನೈ ಅನ್ನುವ ನಿಂಜಾ ಚೂರಿ ಎಸೆದರು, ಗಾಳಿ ಬೀಸಿದರು. ಏಟೆಲ್ಲ ಅರ್ಧ. ಒಬ್ಬನಿಗೆ ಏಳು ಪಾಯಿಂಟಿನ ಏಟು ಬಿದ್ದು ನೀರಿಗೆ ಮುಳುಗಿದ. ಮೂರನೇ ಸುತ್ತಿಗೆ ಒಬ್ಬ ಗಮನಿಸುತ್ತೇನೆ ಅಂದ, 15 ಬಿತ್ತು. ನಾನು ಹೇಳಿದೆ: ಅವನು ಎಡಗೈಯಲ್ಲಿ ಎಸೆಯುತ್ತಾನೆ, ಆದರೆ ಕತ್ತಿಯ ಒರೆ ಎಡಗೈಯವನಿಗೆ ಆಗುವ ಹಾಗೆ ಇಲ್ಲ. ಯಾರಿಗೂ ಏನೂ ಹೊಳೆಯಲಿಲ್ಲ. ಪಿ.ಯು. ಓದುವ ಹುಡುಗಿಯೊಬ್ಬಳು ಅವತ್ತು ಆ ತನಕ ಹೆಚ್ಚು ಮಾತೇ ಆಡಿರಲಿಲ್ಲ. ಅವಳು ಕೇಳಿದಳು, "ಅವನ ನೆರಳು ಯಾವ ಕಡೆ ಬಿದ್ದಿದೆ?" ಒಳ್ಳೆ ಪ್ರಶ್ನೆ. ದಾಳ ಕೇಳಲಿಲ್ಲ. ಪಡುವಣಕ್ಕೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಎದ್ದೇ ನಿಂತಳು. "ಸೂರ್ಯನೂ ಪಡುವಣಕ್ಕಿದ್ದಾನೆ. ನೆರಳು ಉಲ್ಟಾ. ಕೈಯೂ ಉಲ್ಟಾ. ಅದು ಕನ್ನಡಿ. ಅವನು ಅಲ್ಲಿಲ್ಲ!"

ಚೀಟಿ ಬಿಚ್ಚಿದೆವು. "ಬಂಡೆ ಮೇಲಿರುವುದು ಬಿಂಬ, ನಿಜವಾದವನು ಹರಿಗೋಲಿನ ಕೆಳಗೆ." ಕೂಗು ಪಕ್ಕದ ಮನೆಗೆ ಕೇಳಿಸಿತು. ಯಾವ ಹರಿಗೋಲು ಅಂತ ನಾಲ್ವರೂ ಒಂದೇ ಉಸಿರಿಗೆ ಮಾತಾಡಿದರು. ಒಂದರ ಸುತ್ತ ಮರಳು ಒದ್ದೆಯಾಗಿದೆ ಅನ್ನುವ ಮೂರನೇ ಸುಳಿವು ಆಗ ಸಿಕ್ಕಿತು. ಒಬ್ಬ ಗಾಳಿಯ ಮುದ್ರೆ ಹಿಡಿದ, ಇಬ್ಬರು ಕಾವಲು ನಿಂತರು. ಹರಿಗೋಲು ಹಾರಿಹೋಯಿತು. ಇನ್ನೊಂದು ಏಟಿಗೆ ಮುಗಿಯಿತು. ಒಟ್ಟು 25 ನಿಮಿಷ. ಆ ಹುಡುಗಿ ಆಮೇಲೆ ಒಂದು ವಾರವೂ ತಪ್ಪಿಸಿಕೊಂಡಿಲ್ಲ.

ಗುಟ್ಟು ಬರೆಯುವಾಗ ಒಂದು ಎಚ್ಚರ. ಅದು ಟೇಬಲ್ಲಿನಲ್ಲಿ ಕೇಳಿ ತಿಳಿಯುವಂಥದ್ದಾಗಿರಬೇಕು. ನೆರಳು, ಸದ್ದು, ವಾಸನೆ, ಒದ್ದೆ ನೆಲ, ಎಣಿಕೆ, ಇವೆಲ್ಲ ಒಳ್ಳೆಯವು. "ಅವನ ಅಜ್ಜನ ಶಾಪ" ಅಂತ ಬರೆದರೆ ಯಾರೂ ಊಹಿಸಲಾರರು. ಸಣ್ಣಪುಟ್ಟ ಕಳ್ಳರಿಗೆ ಚೀಟಿ ಬೇಡ, ಅವರು ಒಂದೇ ಏಟಿಗೆ ಬೀಳಲಿ. ಒಂದು ಸಂಜೆಗೆ ಒಂದೇ ಚೀಟಿ.

ತದ್ರೂಪಿಗಳು. ಎಲ್ಲರ ಆಟವೂ ಇಲ್ಲಿ ಎಡವುತ್ತದೆ. ಒಬ್ಬ ಹತ್ತು ತದ್ರೂಪಿ ಮಾಡಿ ಹತ್ತು ಸರದಿ ಕೇಳಿದರೆ ಉಳಿದವರು ಫೋನ್ ನೋಡುತ್ತಾ ಕೂರುತ್ತಾರೆ. ಮೂಲ ಕಥೆಯಲ್ಲೇ ಇದಕ್ಕೆ ಉತ್ತರ ಇದೆ. ಅಲ್ಲಿ ನೆರಳಿನ ತದ್ರೂಪಿ ಮಾಡಿದರೆ ಚಕ್ರ ಸಮನಾಗಿ ಹಂಚಿಹೋಗುತ್ತದೆ. ತದ್ರೂಪಿ ಒಡೆದಾಗ ಅದು ಕಂಡದ್ದೆಲ್ಲ ಮೂಲದವನಿಗೆ ತಿಳಿಯುತ್ತದೆ. ಎರಡನ್ನೂ ಹಾಗೇ ತಗೊಳ್ಳಿ. ಆಟಗಾರ ತನ್ನ ಬೀಜದ ಗುಡ್ಡೆಯನ್ನು ಕೈಯಾರೆ ಎರಡು ಪಾಲು ಮಾಡಬೇಕು. ಒಂದು ಪಾಲು ತದ್ರೂಪಿಯದು. ಅದಕ್ಕೆ 1 ಹಿಟ್ ಪಾಯಿಂಟ್, ಬೇರೆ ಸರದಿ ಇಲ್ಲ. ಪಕ್ಕದಲ್ಲೇ ನಿಂತರೆ ಸುತ್ತಿಗೊಂದು ಏಟಿಗೆ ಅಡ್ವಾಂಟೇಜ್ ಕೊಡುತ್ತದೆ. ದೂರ ಕಳಿಸಿದರೆ ಪತ್ತೇದಾರಿಕೆ ಮಾಡುತ್ತದೆ, ಒಡೆದಾಗ ಸುಳಿವು ತರುತ್ತದೆ. ತಾನಾಗಿ ಒಡೆದರೆ ಬೀಜ ವಾಪಸ್, ಏಟು ಬಿದ್ದು ಒಡೆದರೆ ಬೀಜ ಹೋಯಿತು. ನಮ್ಮಲ್ಲಿ ಈಗ ತದ್ರೂಪಿಯನ್ನು ಹೊಡೆಯಲು ಕಳಿಸುವವರು ಕಡಿಮೆ. ಹೆಚ್ಚಾಗಿ ಚಾವಣಿ ಮೇಲೆ ಕೂರಿಸಿ ಕಾಯಿಸುತ್ತಾರೆ.

ವಂಶದ ಕಣ್ಣು, ಅಂದರೆ ನರುಟೊದಲ್ಲಿ ಕೆಲವು ಮನೆತನದವರಿಗೆ ಹುಟ್ಟಿನಿಂದ ಬರುವ ಮಾಯಾ ಕಣ್ಣು, ಬೇಕು ಅಂತ ಒಬ್ಬ ಗೆಳೆಯ ಕೇಳೇ ಕೇಳುತ್ತಾನೆ. ಕೊಡಿ. ತೆರೆದಿರುವಷ್ಟು ಹೊತ್ತು ಸುತ್ತಿಗೆ 1 ಬೀಜ. ಮುದ್ರೆ ಮುಗಿಯುವ ಮೊದಲೇ ಯಾವ ಭೂತ ಬರುತ್ತಿದೆ ಅಂತ ಅವನಿಗೆ ತಿಳಿಯುತ್ತದೆ. ಚೀಟಿಯ ಗುಟ್ಟನ್ನು ಮಾತ್ರ ಆ ಕಣ್ಣು ಓದಬಾರದು.

ದರ್ಜೆಗಳಿಗೆ ಬೇರೆ ಕಷ್ಟ ಬೇಡ. ಐದನೇ ಆವೃತ್ತಿಯೇ ಲೆವೆಲ್‌ಗಳನ್ನು 1ರಿಂದ 4, 5ರಿಂದ 10, 11ರಿಂದ 16, 17ರಿಂದ 20 ಅಂತ ನಾಲ್ಕು ಭಾಗ ಮಾಡಿದೆ. ಅವಕ್ಕೆ ನರುಟೊದ ನಿಂಜಾ ದರ್ಜೆಗಳಾದ ಗೆನಿನ್, ಚೂನಿನ್, ಜೋನಿನ್, ಕಾಗೆ (ಹಕ್ಕಿಯಲ್ಲ, ಊರಿನ ಮುಖ್ಯ ನಿಂಜಾ) ಅಂತ ಹೆಸರು ಅಂಟಿಸಿ. ಮೂವರು ಶಿಷ್ಯರು, ಒಬ್ಬ ಗುರು ಅನ್ನುವ ತಂಡದ ಕಟ್ಟುಪಾಡನ್ನೂ ಸಡಿಲಿಸಿ, ನೀವು ನಡೆಸುವಾಗ ಆಡುವವರು ನಾಲ್ವರು. ಗುರುವನ್ನು ಮಾತ್ರ ನೀವು ಆಡಬೇಡಿ. ಬಲಶಾಲಿ ಗುರು ಜೊತೆಗಿದ್ದರೆ ಎಲ್ಲರೂ ಅವನ ಕಡೆ ನೋಡುತ್ತಾರೆ. ಅವನನ್ನು ಮೊದಲ ದಿನವೇ ಬೇರೆ ಕೆಲಸಕ್ಕೆ ಕಳಿಸಿ.

ಲೋಕ ಎಲ್ಲಿ ಕಟ್ಟುವುದು ಅಂತ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಆ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿ ತುಳಿಸಿಕೊಳ್ಳುವ ಸಣ್ಣ ನಾಡುಗಳು. ಅಂಥ ನೆಲ ನಮ್ಮ ಪಕ್ಕದಲ್ಲೇ ಇದೆ. ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ರಾಯಚೂರು ಸೀಮೆಗಾಗಿ ವಿಜಯನಗರ ಒಂದು ಕಡೆ, ಬಹಮನಿಗಳು, ಆಮೇಲೆ ಬಿಜಾಪುರದವರು ಇನ್ನೊಂದು ಕಡೆ, ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಇಸ್ಮಾಯಿಲ್ ಆದಿಲ್ ಶಾಹನಿಂದ ಗೆದ್ದ. ಪೋರ್ಚುಗೀಸ್ ಬಂದೂಕಿನವರೂ ಅವನ ಜೊತೆಗಿದ್ದರು. ಅಂಥ ಎರಡು ನದಿಗಳ ನಡುವೆ, ಮುದಗಲ್ಲಿನಂಥ ಕೋಟೆಯ ನೆರಳಲ್ಲಿ, ಯಾರಿಗೂ ಸೇರದ ಒಂದು ಬಂಡೆಮರೆಯ ಊರು ಇದೆ ಅಂದುಕೊಳ್ಳಿ. ಬೆಳಿಗ್ಗೆ ಒಂದು ರಾಜ್ಯದವರು ಬಂದು ಕೆಲಸ ಕೊಡುತ್ತಾರೆ, ರಾತ್ರಿ ಇನ್ನೊಂದು ರಾಜ್ಯದವರು. ನಿಮ್ಮ ಗೆಳೆಯರಿಗೆ ಆ ಬಂಡೆ, ಆ ಬಿಸಿಲು, ಆ ಹೊಳೆ ಎಲ್ಲ ಗೊತ್ತು. ವರ್ಣನೆ ಮಾಡುತ್ತಾ ಕೂರಬೇಕಾಗಿಲ್ಲ. ಅಲ್ಲಿ ಹೇಗೆ ಅಡಗಬಹುದು ಅಂತ ಅವರೇ ನಿಮಗೆ ಹೇಳುತ್ತಾರೆ.

ಶುರು ಮಾಡುವ ಬಗೆಯನ್ನು ನಾನು ದೊಡ್ಡಾಟದಿಂದ ಕಲಿತೆ. ವೇಷ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು ನೀವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುತ್ತಾನಲ್ಲ, ಹಾಗೆಯೇ. ಮೊದಲ ದಿನ ಊರ ಬಾಗಿಲಲ್ಲಿ ನೀವು ಸಾರಥಿ. ಒಬ್ಬೊಬ್ಬರನ್ನೂ ಕೇಳಿ: ಹೆಸರೇನು, ಯಾರ ಮನೆಯವರು, ಏಕೆ ಬಂದಿರಿ. ಅವರು ಪಾತ್ರವಾಗಿ ಉತ್ತರ ಕೊಡಬೇಕು. ಒಂದು ಮಾತನ್ನು ಮಾತ್ರ ಮುಚ್ಚಿಡಬೇಕು, ಅದನ್ನು ಚೀಟಿಯಲ್ಲಿ ಬರೆದು ನಿಮಗೆ ಕೊಡಬೇಕು. ಎದುರಾಳಿಗೆ ಗುಟ್ಟು ಇರುವ ಹಾಗೆ ಆಟಗಾರರಿಗೂ ಇರಲಿ. ಆ ಚೀಟಿಗಳನ್ನು ಜೋಪಾನ ಮಾಡಿ. ಎರಡು ತಿಂಗಳು ಬಿಟ್ಟು ಒಂದನ್ನು ತೆಗೆದು ನೋಡಿ, ಮುಂದಿನ ಕಥೆ ಅದರಲ್ಲೇ ಇರುತ್ತದೆ.

ಈಗ ನಿಮ್ಮ ತಮ್ಮ. ಅವನನ್ನು ಬದಿಗೆ ಕೂರಿಸಿ ದಾಳ ಎತ್ತಿಕೊಡುವ ಕೆಲಸಕ್ಕೆ ಹಚ್ಚಬೇಡಿ, ಪಾತ್ರ ಕೊಡಿ. ನಿಂಜಾ ಲೋಕದಲ್ಲಿ ಪ್ರಾಣಿಗಳ ಜೊತೆ ಒಪ್ಪಂದ ಮಾಡಿಕೊಂಡು ಕರೆಸುತ್ತಾರೆ. ನಮ್ಮ ಸೀಮೆಗೆ ಕರಡಿಯೇ ಸರಿ. ದರೋಜಿಯ ಕರಡಿಧಾಮಕ್ಕೆ ಅವನನ್ನು ಒಮ್ಮೆ ಕರೆದುಕೊಂಡು ಹೋಗಿ. ಸಂಜೆ ಬಂಡೆಗಳ ನಡುವಿನಿಂದ ಕರಡಿ ಇಳಿದು ಬರುವುದನ್ನು ನೋಡಿದರೆ ಪಾತ್ರ ಹೇಗಿರಬೇಕು ಅಂತ ನೀವು ಹೇಳಿಕೊಡಬೇಕಾಗಿಲ್ಲ. ನಿಯಮಕ್ಕೆ 2014ರ ಪುಸ್ತಕದ ಕಪ್ಪು ಕರಡಿ ಸಾಕು. 19 ಹಿಟ್ ಪಾಯಿಂಟ್, ಒಂದು ಕಡಿತ, ಒಂದು ಪರಚು. ಲೆಕ್ಕ ಇಷ್ಟೇ, 9 ವರ್ಷದ ಹುಡುಗನಿಗೆ ಭಾರ ಆಗುವುದಿಲ್ಲ. ಟೇಬಲ್ ಮೇಲೆ ಇಡಲು ಕಿನ್ನಾಳದಲ್ಲಿ ಮಾಡಿದ ಮರದ ಗೊಂಬೆ ಒಂದು ಸಿಕ್ಕರೆ ಅವನ ಖುಷಿಯೇ ಬೇರೆ.

ಆ ಕರಡಿಗೆ ಇನ್ನೊಂದು ಗುಣ ಬರೆದಿದ್ದಾರೆ. ವಾಸನೆ ಹಿಡಿದು ಪತ್ತೆ ಮಾಡುವಾಗ ಅದಕ್ಕೆ ಯಾವಾಗಲೂ ಅಡ್ವಾಂಟೇಜ್. ಅಣ್ಣಂದಿರೆಲ್ಲ ಬಿಂಬ ನೋಡಿ ಮೋಸ ಹೋಗಿರುತ್ತಾರೆ, ಇವನಿಗೆ ಮಾತ್ರ ಬಂಡೆಯ ಕಡೆಯಿಂದ ಮನುಷ್ಯನ ವಾಸನೆಯೇ ಬರುವುದಿಲ್ಲ. ಚೀಟಿಯ ಮೂರು ಸುಳಿವಿನಲ್ಲಿ ಒಂದನ್ನು ಪ್ರತಿ ವಾರ ವಾಸನೆಯದಾಗಿ ಬರೆದಿಡಿ. ಅವನು ಎದ್ದು ನಿಂತು "ನನಗೆ ಏನು ವಾಸನೆ ಬರ್ತಿದೆ?" ಅಂತ ಕೇಳಿದ ಕೂಡಲೇ ಬೇರೆಲ್ಲ ಮಾತು ನಿಲ್ಲಿಸಿ, ಅವನ ಕಿವಿಯಲ್ಲಿ ಮಾತ್ರ ಹೇಳಿ. ಉಳಿದವರಿಗೆ ಹೇಳಬೇಕೋ ಬೇಡವೋ ಅನ್ನುವುದು ಕರಡಿಗೆ ಬಿಟ್ಟದ್ದು.